ಭಂಡಾರದ ಆಣೆ

ನಮ್ಮೂರಿನ ಕಸ್ತೂರೆವ್ವ ಸುಮ್ಮನೆ ಕುಳಿತಿದ್ದಾಳೆಂದರೆ ಮೈಯಲ್ಲಿ ಆರಾಮಿಲ್ಲ ಎಂದೇ ಅರ್ಥವಾಗಿತ್ತು. ಅಂಥ ಬಾಯಿ ಅದು. ದೇವರ ಹಿಪ್ಪರಗಿ ಸಂತೆಯಲ್ಲಿ ಪುಂಡಿ ಪಲ್ಲೆಯ ಸಿವುಡು ಮುಂದಿಟ್ಟುಕೊಂಡು ಕುಳಿತಳೆಂದರೆ, ಪಲ್ಲೆ ಬೇಡದವರೂ ಅವಳ ಮಾತು ಕೇಳಲು ನಿಂತು ಒಂದು ಸಿವುಡು ಕೊಂಡು ಹೋಗುತ್ತಿದ್ದರು. ಗಂಡ ಸತ್ತ ಮೇಲೂ ಅವಳ ಮನೆ ಬಣಬಣ ಅನ್ನಲಿಲ್ಲ. ಪಕ್ಕದ ಮನೆಯ ಬಾನುಬಿ ಇದ್ದಳಲ್ಲ. ಸಂಜೆ ಇಬ್ಬರೂ ಕಟ್ಟೆಗೆ ಕುಳಿತು ಜೋಳ ಹಸನು ಮಾಡುತ್ತ ಮಾತಿಗೆ ತೊಡಗಿದರೆ, ವಸ್ತಿ ಬಸ್ಸು ಬಂದು ಡ್ರೈವರ್, ಕಂಡಕ್ಟರ್ ಚಾವಡಿಯಲ್ಲಿ ಹಾಸಿಗೆ ಬಿಚ್ಚುವವರೆಗೆ ಏಳುತ್ತಿರಲಿಲ್ಲ.

ಊರಿಗಿದ್ದ ಆ ಒಂದೇ ಬಸ್ಸು ರಾತ್ರಿ ಇಲ್ಲೇ ನಿಂತು ಬೆಳಿಗ್ಗೆ ಸಿಂದಗಿಗೆ ಹೊರಡುತ್ತಿತ್ತು. ಬಾನುಬಿಯ ಮಗಳು ಜಾಸ್ಮಿನ ಅದರಲ್ಲೇ ಕಾಲೇಜಿಗೆ ಹೋಗಿಬರುತ್ತಿದ್ದಳು. ಬಸ್ಸು ತಂದವರು ಹಿಂದಿನ ಸಾಹೇಬರು, ಅಂದರೆ ಹಿಂದಿನ ಎಮ್ಮೆಲ್ಲೆ. ತಂದದ್ದೇನೋ ತಂದರು, ಆದರೆ ಅವರ ಸೊಕ್ಕು ಮುಗಿಲು ಮುಟ್ಟಿತ್ತು. ನಮ್ಮೂರ ಹೆಂಗಸರು ನಳ ಹಾಕಿಸಿಕೊಡಿ ಎಂದು ಕೇಳಿಕೊಂಡಾಗ, "ಬಸ್ ಕೊಟ್ಟೀನಿ, ಸಾಲದೇನು? ವಿಮಾನ ಬೇಕೇನು ನಿಮಗ?" ಎಂದು ಕಾರಿನ ಗಾಜು ಏರಿಸಿಬಿಟ್ಟರು. ಆ ಮಾತು ಊರಿಗೆ ನಾಟಿತು. ಎಲ್ಲರಿಗಿಂತ ಹೆಚ್ಚು ಕಸ್ತೂರೆವ್ವನಿಗೆ ನಾಟಿತು, ಯಾಕೆಂದರೆ ಕೇಳಿದವಳು ಅವಳೇ.

ಚುನಾವಣೆ ಬಂತು. ಹೊಸಬರು ಕೈಮುಗಿದುಕೊಂಡೇ ಊರು ಹೊಕ್ಕರು. ನಳ ತರುತ್ತೇವೆ, ಒಂದಲ್ಲ ಎರಡು ಬಸ್ಸು ಬಿಡಿಸುತ್ತೇವೆ ಎಂದರು. ಬೀರಪ್ಪನ ಗುಡಿಯ ಪೂಜಾರಿ ಸಿದ್ದರಾಯನಿಗೆ ಅವರ ವಿನಯ ಬಲು ಹಿಡಿಸಿತು. ಒಂದು ಮುಂಜಾನೆ ಊರವರನ್ನೆಲ್ಲ ಗುಡಿಗೆ ಕರೆದು, ಅವರವರ ಕೈಗೆ ಭಂಡಾರದ ಅರಿಶಿನ ಹಾಕಿ, ದೇವರ ಮುಂದೆ ಆಣೆ ಮಾಡಿಸಿದ. "ಇವರ ಕೈ ಬಿಡಂಗಿಲ್ಲ, ಇವರ ಮ್ಯಾಲ ಬಾಯಿ ಮಾಡಂಗಿಲ್ಲ, ಅನ್ರಿ!" ಎಂದ. ಎಲ್ಲರೂ ಅಂದರು. ಎರಡನೆಯ ಮಾತನ್ನು ಸಿದ್ದರಾಯ ಹುರುಪಿನಲ್ಲಿ ಸೇರಿಸಿದ್ದ, ನಾವೂ ಹುರುಪಿನಲ್ಲೇ ನುಡಿದೆವು. ಅರಿಶಿನ ಪುಡಿ ಕೈಯಿಂದ ತೊಳೆದುಹೋಗುವ ಮೊದಲೇ ನಮಗೆ ಅದು ಮರೆತಿತ್ತು.

ಕಸ್ತೂರೆವ್ವನಿಗೆ ಮರೆಯಲಿಲ್ಲ. ಅವಳು ಚಿಕ್ಕವಳಿದ್ದಾಗ ಅವಳ ಅಪ್ಪ ಬದುವಿನ ಜಗಳದಲ್ಲಿ ಭಂಡಾರ ಮುಟ್ಟಿ ಸುಳ್ಳು ಆಣೆ ಮಾಡಿದ್ದ. ಆ ಮಳೆಗಾಲಕ್ಕೆ ಬೇನೆ ಬಂದು ಅವನ ಕುರಿ ಹಿಂಡೆಲ್ಲ ಸತ್ತಿತು. ಸತ್ತ ಕುರಿಗಳನ್ನು ಹುಗಿಯಲು ಮಣ್ಣು ಹೊತ್ತವಳು ಈಕೆ.

ಗುಡಿಗೆ ಬಾರದಿದ್ದ ಬಾನುಬಿ ಮಾತ್ರ ಆಗಲೇ ಹೇಳಿದ್ದಳು. "ಗುರ್ತಿದ್ದ ಕಳ್ಳ ಬೇಸಿ ಬಿಡವ್ವಾ. ಹೊಸಾಬ್ನ ಹೊಟ್ಟಿ ಎಷ್ಟ ದೊಡ್ಡದೈತೋ ಯಾರಿಗೊತ್ತು." ಕಸ್ತೂರೆವ್ವ ಅವಳ ಮಾತು ಕೇಳದೆ ಹೊಸಬರ ಪರವಾಗಿ ಮನೆ ಮನೆ ಅಡ್ಡಾಡಿದಳು. ಹೊಸಬರು ಗೆದ್ದರು, ಅವರ ಸರಕಾರವೂ ಬಂತು. ನಳ ಬರಲಿಲ್ಲ. ಒಂದು ದಿನ ವಸ್ತಿ ಬಸ್ಸೂ ಬರಲಿಲ್ಲ. ಡ್ರೈವರ್‌ಗಳು ಸಾಲುತ್ತಿಲ್ಲವಂತೆ, ನಾಳೆ ಬರುತ್ತದಂತೆ, ಮುಂದಿನ ತಿಂಗಳು ಬರುತ್ತದಂತೆ. ಕೊನೆಗೆ ಅಂತೆ ಕಂತೆಯೂ ನಿಂತಿತು.

ಊರಿಗೆ ಬೈಯಲು ಒಳ್ಳೆ ಕೆಲಸ ಸಿಕ್ಕಿತು. ಹಿಂದಿನವರು ತಿಂದರೂ ತಿನ್ನಿಸಿದರು ಎಂದು ಒಬ್ಬ, ಇವರ ಕೈ ಮುಗಿಯುವುದಕ್ಕಷ್ಟೇ ಲಾಯಕ್ಕು ಎಂದು ಇನ್ನೊಬ್ಬ. ತಿರುಗಿ ತಿರುಗಿ ಹಳೆ ಗಂಡನ ಪಾದವೇ ಗತಿ ಎಂದು ಮುದುಕಿಯರೂ ನಕ್ಕರು. ಯಾರ ಕಟ್ಟೆಗೆ ಹೋದರೂ ಇದೇ ಮಾತು. ಕಸ್ತೂರೆವ್ವ ಮಾತ್ರ ತುಟಿ ಬಿಚ್ಚಲಿಲ್ಲ. ಮಾತು ಅತ್ತ ತಿರುಗಿದ ಕೂಡಲೇ ಸೆರಗು ಕೊಡವಿ ಎದ್ದುಬಿಡುತ್ತಿದ್ದಳು. ಒಳಗೊಳಗೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟಿತ್ತು.

ಹೆಂಗಸರು ಹೊಸ ಸಾಹೇಬರ ಆಫೀಸಿಗೆ ಹೋಗುವುದೆಂದು ನಿಶ್ಚಯವಾದ ದಿನ ಬಾನುಬಿ ಬಂದಳು.

"ನೀನೂ ಬಾ. ಅವರ ಸಲುವಾಗಿ ಚಪ್ಪಲಿ ಸವಿಸಿದಾಕಿ ನೀನು. ನೀ ಬಾಯಿ ಬಿಟ್ಟು ಕೇಳಿದ್ರ ಕೇಳ್ತಾರ. ನನ್ನ ಮಗಳ ಸಾಲಿ ನಿಂತೈತಿ, ಕಸ್ತೂರಿ."

ಕಸ್ತೂರೆವ್ವನಿಗೆ ಆಣೆ ನೆನಪಾಯಿತು. ಹೋಗಿ ಕೇಳಿದರೆ ಬಾಯಿ ಮಾಡಿದಂತೆ. ಯಾಕೆ ಬರುವುದಿಲ್ಲ ಎಂದು ಹೇಳಹೋದರೂ ಮಾತು ಅವರನ್ನು ಬೈಯುವಲ್ಲಿಗೇ ಮುಟ್ಟುತ್ತದೆ. ಆಣೆಯನ್ನು ಅವಳು ಅಷ್ಟು ಬಿಗಿಯಾಗಿ ಹಿಡಿದಿದ್ದಳು. "ನನಗ ಬರಾಕ ಆಗಂಗಿಲ್ಲ" ಎಂದಳು.

"ಯಾಕ?"

ಕಸ್ತೂರೆವ್ವ ಮೊರ ಎಳೆದುಕೊಂಡು ಜೋಳ ಹಸನು ಮಾಡತೊಡಗಿದಳು.

"ಇಷ್ಟ ಆದ್ರೂ ಇನ್ನಾ ಅವರ ಕಡಿನೇ ಅದಿ, ಹೌದಿಲ್ಲೋ?" ಎಂದು ಬಾನುಬಿ ಎದ್ದು ಹೋದಳು. ಹೆಂಗಸರು ಹೋದದ್ದೂ ವ್ಯರ್ಥವಾಯಿತು. ಬಾನುಬಿಯ ಗಂಡ ಅಬ್ದುಲಗನಿ ಸಿಂದಗಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ. ಅವನು ಅಲ್ಲೇ ಒಂದು ಖೋಲಿ ಹಿಡಿದ. ತಾಯಿ ಮಗಳು ಸಾಮಾನು ಹೇರಿಕೊಂಡು ಹೊರಟ ದಿನ ಕಸ್ತೂರೆವ್ವ ಬುತ್ತಿ ಕಟ್ಟಿಕೊಂಡು ಬಾಗಿಲಿಗೆ ಬಂದಳು. ಬಾನುಬಿ ಬುತ್ತಿ ತೆಗೆದುಕೊಂಡು, ಬಾಗಿಲಿಗೆ ಕೀಲಿ ಹಾಕಿ ಹೊರಟಳು.

ಆಮೇಲೆ ಕಸ್ತೂರೆವ್ವನ ಕಟ್ಟೆಗೆ ಯಾರೂ ಬರಲಿಲ್ಲ. ಎಲ್ಲರೂ ಬೈಯುವಾಗ ತಾನೊಬ್ಬಳೇ ಬೈಯದವಳ ಹತ್ತಿರ ಯಾರು ಕೂರುತ್ತಾರೆ? ಸಾಹೇಬರಿಂದ ಏನೋ ತಿಂದಿದ್ದಾಳೆ ಎಂದೂ ನಮ್ಮಲ್ಲಿ ಕೆಲವರು ಆಡಿಕೊಂಡರು. ಸಂಜೆ ಅವಳೊಬ್ಬಳೇ ಜೋಳ ಹಸನು ಮಾಡುತ್ತಿದ್ದಳು. ಪಕ್ಕದ ಬಾಗಿಲಿಗೆ ಕೀಲಿ, ಎದುರಿಗೆ ಖಾಲಿ ಚಾವಡಿ. ಒಮ್ಮೊಮ್ಮೆ ಮೊರದೊಳಗಿನ ಹರಳಿನ ಜೊತೆ ಮಾತಾಡುತ್ತಿದ್ದಳು, ಅದೂ ಸರಕಾರದ ವಿಷಯ ಬಿಟ್ಟು.

ಕೊನೆಗೆ ತಡೆಯಲಾರದೆ ಸಿದ್ದರಾಯನನ್ನು ಹುಡುಕಿಕೊಂಡು ಹೋದಳು. ಅವನು ಗುಡಿಯ ಮುಂದೆ ನಾಲ್ಕು ಮಂದಿಯ ನಡುವೆ ಕುಳಿತು ಹೊಸ ಸಾಹೇಬರ ಜನ್ಮ ಜಾಲಾಡುತ್ತಿದ್ದ.

"ನೀ ಹೆಂಗ ಬಾಯಿ ಮಾಡ್ತೀಯೋ ಸಿದ್ದರಾಯಾ? ಆಣಿ ಇಲ್ಲೇನು?"

"ಎವ್ವಾ, ನಾ ಭಂಡಾರ ಕೊಟ್ಟಾಂವ. ತಗೊಂಡಾಂವ ಅಲ್ಲ!" ಎಂದು ಅವನು ನಕ್ಕ. ನಾಲ್ಕು ಮಂದಿಯೂ ನಕ್ಕರು, ಅವರು ತಗೊಂಡವರೇ ಆಗಿದ್ದರೂ.

"ಹಂಗಾರ ನಂದು ಬಿಡಸು."

ಅವನ ನಗು ನಿಂತಿತು. ಪೂಜಾರಿ ಅಲ್ಲವೇ, ಪದ್ಧತಿ ಕೇಳಿದರೆ ಹೇಳಲೇಬೇಕು. "ಯಾರ ಹೆಸರಿಲೆ ಹಿಡದಿಯೋ ಅವರ ಹಣಿಗೆ ತಿರುಗಿ ಹಚ್ಚಬೇಕು. ಆಗ ಬಿಡತೈತಿ."

ಸಾಹೇಬರ ಹಣೆ ಬೆಂಗಳೂರಲ್ಲಿತ್ತು. ಗೆದ್ದ ಮೇಲೆ ಅವರು ಊರ ಕಡೆ ತಲೆ ಹಾಕಿರಲಿಲ್ಲ. ಕಸ್ತೂರೆವ್ವ ಒಂದು ಚಿಟಿಕೆ ಭಂಡಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಸೀರೆ ಬದಲಿಸಿದಾಗಲೆಲ್ಲ ಗಂಟೂ ಬದಲಾಗುತ್ತಿತ್ತು.

ಮುಂದೊಂದು ದಿನ ಸಮುದಾಯ ಭವನದ ಭೂಮಿ ಪೂಜೆಗೆಂದು ಸಾಹೇಬರು ಬಂದೇಬಿಟ್ಟರು. ಇನ್ನು ನಮ್ಮ ಕಥೆ ಕೇಳಬೇಡಿ. ಅಷ್ಟು ದಿನ ಕಟ್ಟೆಯ ಮೇಲೆ ಬೈದವರೆಲ್ಲ ಹಾರ ಹಿಡಿದು ನಿಂತೆವು. ಹಲಗೆ ಬಾರಿಸಲು ಸಿದ್ದರಾಯನೇ ಹೇಳಿಸಿದ್ದ. ಸಾಹೇಬರು ಕೈಮುಗಿದುಕೊಂಡೇ ಇಳಿದರು. ಎಲ್ಲ ಸುಖವೇ ಎಂದರು. ಸುಖ ಎಂದೆವು.

ಕಸ್ತೂರೆವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದು ಸೆರಗಿನ ಗಂಟು ಬಿಚ್ಚಿದಳು. ಮುದುಕಿ ಆಶೀರ್ವಾದ ಮಾಡುತ್ತಾಳೆಂದು ಸಾಹೇಬರು ನಗುತ್ತ ತಲೆ ಬಾಗಿಸಿದರು. ಅವಳು ಹಣೆಗೆ ಹಚ್ಚಿದಳು. ಫೋಟೋದವನು ಫೋಟೋ ಹೊಡೆದ.

"ನಿಮ್ಮ ಭಂಡಾರ ನಿಮಗ ಮುಟ್ಟಿತ್ರಿ ಸಾಹೇಬ್ರ. ಇನ್ನ ಕೇಳ್ರಿ. ನಮ್ಮ ಬಸ್ ಎಲ್ಲೈತ್ರಿ? ಹಿಂದಿನಾಂವ ಸೊಕ್ಕಿನಾಂವ ಅಂತ ನಿಮ್ಮನ್ನ ತಂದ್ವಿ. ಅಂವ ಬೈದು ಕೊಟ್ಟ. ನೀವು ಕೈ ಮುಗದು ಕಸಗೊಂಡ್ರಿ. ನನ್ನ ಬಾಜೂ ಮನಿಗೆ ಕೀಲಿ ಬಿದ್ದೈತಿ, ನೋಡ್ರಿ ಹೋಗಿ."

ಹಲಗೆ ನಿಂತಿತು. ಅವಳು ಹಿಂದಿರುಗಿ ನಮ್ಮನ್ನು ನೋಡಿದಳು, ಯಾರಾದರೂ ಒಬ್ಬರು ಹೌದು ಎನ್ನಲಿ ಎಂದು. ನಾವು ಹಾರ ಸರಿಮಾಡಿಕೊಳ್ಳುತ್ತಿದ್ದೆವು. "ಮಾಡೋಣ ತಾಯಿ, ಖಂಡಿತ ಮಾಡೋಣ" ಎಂದು ಸಾಹೇಬರು ಮತ್ತೆ ಕೈಮುಗಿದು ಗುದ್ದಲಿ ಎತ್ತಿದರು.

ಸಂಜೆ ಅವಳು ಕಟ್ಟೆಗೆ ಕುಳಿತು ಬಾನುಬಿಗೆ ಫೋನು ಹಚ್ಚಿದಳು. ಆಣೆ, ಕುರಿ, ಸಾಹೇಬರ ಹಣೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಬಾನುಬಿ ಅಂದಳು, "ಹುಚ್ಚಿ! ಇದನ್ನ ಒಂದ್ ಮಾತು ಹೇಳಬಾರದಾ? ನೀ ನನ್ನ ಬಿಟ್ಟಿ ಅಂತ ತಿಳಕೊಂಡಿದ್ದೆ."

ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ಇಬ್ಬರೂ ಸೇರಿ ಮನಸಾರೆ ಸರಕಾರವನ್ನು ಬೈದರು.

"ಹಿಂದಿನಾಂವನೇ ಬೇಸಿದ್ದ ಅಂತ ನಾ ಆಗಲೇ ಅಂದಿದ್ದಿಲ್ಲೇನು?"

"ಏನ್ ಬೇಸಿ? ವಿಮಾನ ಬೇಕೇನು ಅಂದಾಂವ."

ಬಾನುಬಿ ನಕ್ಕಳು. ಆ ನಗು ಕೇಳಿ ಕಸ್ತೂರೆವ್ವನಿಗೆ ಅನ್ನ ಉಂಡಷ್ಟು ಸಮಾಧಾನವಾಯಿತು.

"ನಾಳಿ ಮುಂಜಾನಿ ಎದ್ದು ಬಂದಬಿಡು ಕಸ್ತೂರಿ. ಜಾಸ್ಮಿನ ನಿನ್ನ ಕೈಯಾನ ಪುಂಡಿಪಲ್ಲೆ ಬೇಕಂತಾಳ. ಎರಡ್ ದಿನ ಇದ್ದು ಹೋಗೀಯಂತ."

"ಬರ್ತೇನಿ, ಬರ್ತೇನಿ" ಎಂದು ಕಸ್ತೂರೆವ್ವ ಖುಷಿಯಿಂದ ಎದ್ದೇ ನಿಂತಳು. ಎದ್ದವಳ ಕಣ್ಣು ಖಾಲಿ ಚಾವಡಿಯ ಮೇಲೆ ಬಿತ್ತು.

"ಯಾ ಬಸ್ಸಿಗೆ ಬರ್ಲೇ ಬಾನು?" ಎಂದಳು.