ಕೊಮ್ಮಿ ಹೂವಿನ ಗುರುತು

ಗುಡಗೇರಿಯ ರೇವವ್ವನ ಕೊಮ್ಮಿ ಸೊಪ್ಪಿನ ಪಲ್ಯಕ್ಕೆ ಒಂದು ಕಾಲದಲ್ಲಿ ಓಣಿಯೆಲ್ಲ ಹೆಸರಿತ್ತು. ಮಳೆ ಬಿದ್ದು ಸ್ಟೇಷನ್ ರಸ್ತೆಯ ಎರಡೂ ಬಾಜು ಹಸಿರಾಗಿ, ನೆಲಕ್ಕೆ ಹಬ್ಬಿದ ಬಳ್ಳಿಗಳಲ್ಲಿ ಸಣ್ಣ ಗುಲಾಬಿ ಬಣ್ಣದ ಹೂವು ಕಾಣಿಸಿಕೊಂಡವೆಂದರೆ ಅವಳು ಬುಟ್ಟಿ ಹಿಡಿದು ಹೊರಟಳೆಂದೇ ಲೆಕ್ಕ. ತೊಗರಿಬೇಳೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಮಾಡಿದ ಆ ಪಲ್ಯವನ್ನು ಬಿಸಿ ರೊಟ್ಟಿಯ ಜೊತೆ ಬಡಿಸಿದರೆ ಗಂಡ ಈರಬಸಪ್ಪ ತುಟಿ ಪಿಟಕ್ಕೆನ್ನದೆ ಉಣ್ಣುತ್ತಿದ್ದ. ಅವನು ಮಾತಾಡಲಿಲ್ಲವೆಂದರೆ ಅಡಿಗೆ ಚೆನ್ನಾಗಿದೆ ಎಂದರ್ಥ.

ಈಚೆಗೆ ಎರಡು ಮೂರು ವರ್ಷಗಳಿಂದ ಅವನು ಮಾತಾಡತೊಡಗಿದ್ದ.

"ಯಾಕೋ ಗಂಟಲಾಗ ಕೆರದಂಗ ಆಗತೈತಿ" ಎನ್ನುತ್ತಿದ್ದ. ಅತ್ತೆ ಶಿವಗಂಗವ್ವನಿಗೆ ಅಷ್ಟು ನಯ ನಾಜೂಕು ಗೊತ್ತಿರಲಿಲ್ಲ. "ಸಿಟ್ಟಿನಾಗ ಅಡಿಗಿ ಮಾಡ್ತೀ ನೀ. ಸಿಟ್ಟೆಲ್ಲಾ ಪಲ್ಯಾದಾಗ ಇಳೀತೈತಿ" ಎಂದುಬಿಡುತ್ತಿದ್ದಳು. ರೇವವ್ವನಿಗೆ ಸಿಟ್ಟು ಬರುತ್ತಿದ್ದುದು ಈ ಮಾತು ಕೇಳಿದ ಮೇಲೆಯೇ. ಒಂದು ದಿನ ಅಮೃತದಂತಾದ ಪಲ್ಯ ಮರುದಿನ ಯಾಕೆ ಕೆಡುತ್ತದೆ ಎಂಬುದು ಅವಳಿಗೂ ತಿಳಿಯದು. ತನ್ನ ಕೈಗುಣವೇ ಹೋಯಿತೇನೋ ಎಂದು ಒಳಗೊಳಗೇ ನೊಂದುಕೊಂಡಿದ್ದಳು.

ಎಂಬತ್ನಾಲ್ಕರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಬಾಜೂ ಮನೆಯ ಹಸನಬಿ ಅರ್ಧ ಹೊಲಿದ ಕೌದಿ, ಸೂಜಿ, ದಾರ ಹಿಡಿದು ಬಂದಳು. "ಇದನ್ನಷ್ಟು ಪೋಣಿಸಿ ಕೊಡ ರೇವವ್ವ." ರೇವವ್ವ ದಾರವನ್ನು ಗಾಳಿಗೇ ಚುಚ್ಚುತ್ತ ಕೂತಳು.

ಹಸನಬಿ ನೋಡಿ ನೋಡಿ ನಕ್ಕಳು. "ನನಗ ಕಾಣಂಗಿಲ್ಲಂತ ನಿನ್ನ ಕಡೆ ಬಂದರ, ನೀ ನನಗಿಂತಾ ಮುಂದ ಹೋಗಿ ನಿಂತೀಯಲ್ಲ ಬೇ! ಕುಂದಗೋಳದಾಗ ಕಣ್ಣು ನೋಡಾಕ ಡಾಕ್ಟರ್ ಬಂದಾರಂತ. ನಡಿ, ಇಬ್ಬರೂ ಹೋಗೂಣು."

ಹೋದರು. ಕೆಲವು ದಿನ ಬಿಟ್ಟು ಮತ್ತೊಮ್ಮೆ ಹೋಗಿ ತಲಾ ಒಂದು ಚಾಳೀಸು ಕನ್ನಡಕ ತಂದರು. ಹತ್ತಿರದ್ದು ನೋಡುವಾಗಷ್ಟೇ ಹಾಕಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಮಂದಿ ಎದುರು ಹಾಕಿಕೊಳ್ಳಲು ರೇವವ್ವನಿಗೆ ನಾಚಿಕೆ. ಗುಡಗೇರಿಯಲ್ಲಿ ಗಾಡಿ ಇಳಿದು ಮನೆಯ ದಾರಿ ಹಿಡಿದಾಗ ರಸ್ತೆ ಬದಿ ಗುಲಾಬಿ ಚುಕ್ಕಿ ಚೆಲ್ಲಿದಂತೆ ಕಂಡವು. ಸಂಜೆಯ ಅಡಿಗೆಗಾಯಿತೆಂದು ಸೆರಗೊಡ್ಡಿ ಕೂತಳು. ಅತ್ತಿತ್ತ ನೋಡಿದಳು. ಮುಂದೆ ಹೋಗುತ್ತಿದ್ದ ಹಸನಬಿಯ ಹೊರತು ಯಾರೂ ಇರಲಿಲ್ಲ. ಚಾಳೀಸು ಏರಿಸಿದಳು.

"ಹಸನಬೀ! ಇಲ್ಲಿ ಬಾ ಲಗೂನ. ಇವು ಎರಡು ಅದಾವು!"

"ಏನು ಎರಡು? ಹಾವೇನು?"

"ಹಾವಲ್ಲ ಬೇ, ಹೂವು!"

ಒಂದೇ ಎಂದುಕೊಂಡಿದ್ದ ಹಸಿರಿನಲ್ಲಿ ಎರಡು ಬಳ್ಳಿ ಹೆಣೆದುಕೊಂಡಿದ್ದವು. ಒಂದರಲ್ಲಿ ಕೂದಲಿನಷ್ಟು ತೆಳ್ಳನೆಯ ಕಡ್ಡಿಯ ತುದಿಗೆ ಸಾಸಿವೆಯಷ್ಟೇ ಹೂವು, ಗೊಂಚಲು ಗೊಂಚಲು, ಕಡು ಗುಲಾಬಿ. ಅದೇ ಕೊಮ್ಮಿ. ಇನ್ನೊಂದರಲ್ಲಿ ಕಡ್ಡಿಯೇ ಇಲ್ಲ. ಎಲೆಯ ಕಂಕುಳಲ್ಲಿ ಅವಿತುಕೊಂಡ ಒಂಟಿ ಹೂವು, ಬಿಳಿಚಿದ ಗುಲಾಬಿ, ಐದು ಎಸಳು. ಎಲೆ ಮುರಿದರೆ ದಪ್ಪ, ಒಳಗೆಲ್ಲ ನೀರು. ಕಣ್ಣು ಮಂಜಾದ ದಿನದಿಂದ ಅವಳ ಬೆರಳುಗಳು ಎಷ್ಟೋ ಸಲ ಎರಡನ್ನೂ ಕೂಡಿಸಿಯೇ ಕೀಳುತ್ತಿದ್ದವು. ರೇವವ್ವನಿಗೆ ರಸ್ತೆ ಬದಿಯಲ್ಲೇ ಕುಣಿದಾಡುವಷ್ಟು ಖುಷಿಯಾಯಿತು.

ಆ ಸಂಜೆ ಎರಡನ್ನೂ ಬೇರೆ ಬೇರೆ ಗಡಿಗೆಯಲ್ಲಿ ಬೇಯಿಸಿದಳು. ಒಂದೇ ಬೇಳೆ, ಒಂದೇ ಖಾರ. ಯಾರಿಗೂ ಏನೂ ಹೇಳದೆ ಎರಡನ್ನೂ ತಾಟಿಗೆ ಬಡಿಸಿದಳು. ಈರಬಸಪ್ಪ ಮೊದಲನೆಯದನ್ನು ಸದ್ದಿಲ್ಲದೆ ಖಾಲಿ ಮಾಡಿದ. ಎರಡನೆಯದು ಬಾಯಿಗಿಟ್ಟವನೇ ನೀರಿಗೆ ಕೈ ಚಾಚಿದ.

ಶಿವಗಂಗವ್ವ ಎರಡನ್ನೂ ರುಚಿ ನೋಡಿ ತೀರ್ಪು ಕೊಟ್ಟಳು. "ಇದನ್ನ ಸಮಾಧಾನದಾಗ ಮಾಡೀದಿ. ಇದನ್ನ ಸಿಟ್ಟಿನಾಗ ಮಾಡೀದಿ."

ರೇವವ್ವನಿಗೆ ನಗು ತಡೆಯಲಾಗಲಿಲ್ಲ. ಮೊರದಲ್ಲಿ ಎರಡೂ ಬಳ್ಳಿ ತಂದು ಅತ್ತೆಯ ಮುಂದಿಟ್ಟಳು. "ಸಿಟ್ಟಲ್ರಿ ಅತ್ತೀ, ಗಿಡಾನ ಬ್ಯಾರೆ. ಹೂವು ನೋಡ್ರಿ."

"ಎರಡೂ ಒಂದ ಅದಾವು. ನನಗ ಕೊಮ್ಮಿ ಕಲಿಸಾಕ ಬರಬ್ಯಾಡ."

ರೇವವ್ವ ತನ್ನ ಚಾಳೀಸು ತೆಗೆದು ಅತ್ತೆಯ ಮೂಗಿಗೆ ಏರಿಸಿ, ಕಂದೀಲು ಹತ್ತಿರ ಸರಿಸಿದಳು. ಶಿವಗಂಗವ್ವ ಬೈಯಲು ಬಾಯಿ ತೆರೆದವಳು ಮೊರದತ್ತ ಬಗ್ಗಿದಳು. ಬಾಡತೊಡಗಿದ್ದ ಕೊಮ್ಮಿಯ ಗೊಂಚಲನ್ನು ಆಚೆ ಈಚೆ ತಿರುಗಿಸಿದಳು. ಇನ್ನೊಂದರ ಎಲೆ ಸರಿಸಿ ಕಂಕುಳು ನೋಡಿದಳು.

"ಅಯ್ಯ ನನ್ನ ಶಿವನ" ಎಂದಳು ಮೆಲ್ಲಗೆ. "ಇಷ್ಟು ಸಣ್ಣ ಹೂವಿನೊಳಗ ದಾರದಂಥಾ ಎಳಿ ಬ್ಯಾರೆ ಇಟ್ಟಾನಲ್ಲ. ಯಾರ ನೋಡ್ಲಿ ಅಂತ ಇಟ್ಟಾನೋ."

ಆಮೇಲೆ ತಲೆ ಎತ್ತದೆಯೇ, "ನಿನ್ನ ಕೈ ಛಲೋನ ಐತಿ ಬಿಡ ರೇವವ್ವ. ನಾ ಸುಮ್ನ ಅಂದೆ" ಎಂದಳು. ರೇವವ್ವ ಆ ಮಾತು ಕೇಳಿಸದವಳಂತೆ ಗಡಿಗೆ ತೊಳೆಯಲು ಹೋದಳು, ಕಣ್ಣು ಒದ್ದೆಯಾಗಿದ್ದವು.

ಮರುದಿನ ಮುಂಜಾನೆ ಚಾಳೀಸು ಹುಡುಕಿದರೆ ಮನೆಯಲ್ಲೆಲ್ಲೂ ಇಲ್ಲ, ಅತ್ತೆಯೂ ಇಲ್ಲ. ರೇವವ್ವ ರಸ್ತೆಗೆ ಬಂದು ನೋಡಿದರೆ ಶಿವಗಂಗವ್ವ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಬಾಜು ಹಸನಬಿ ತನ್ನ ಚಾಳೀಸು ಹಾಕಿಕೊಂಡು ಕೂತಿದ್ದಾಳೆ. ಇಬ್ಬರ ನಡುವೆ ಜೋರು ಜಗಳ.

"ಬಾ ರೇವವ್ವ, ನೀನ ಹೇಳು" ಎಂದು ಅತ್ತೆ ಕೂಗಿದಳು. "ಇದೂ ಗುಲಾಬಿನ ಐತಿ, ಆದರ ಆ ಎರಡರಾಗ ಒಂದೂ ಅಲ್ಲ. ಇದು ಮೂರನೇದು!"