ಇಲ್ಲವೇ ಬೇರೆ ರೀತಿಯಲ್ಲಿ

ಕೋರ್ಟಿನ ಬೆಂಚು ಚರ್ಚಿನ ಬೆಂಚಿಗಿಂತ ಗಟ್ಟಿಯಾಗಿತ್ತು. ಪಕ್ಕದಲ್ಲಿ ಅಮ್ಮ ಕೂತಿದ್ದಳು, ಟೊಪ್ಪಿಗೆಗೆ ನಮ್ಮದೇ ಹೆಬ್ಬಾತಿನ ಗರಿ ಸಿಕ್ಕಿಸಿಕೊಂಡು. ಕೇಸು ಸೋತರೆ ನನ್ನನ್ನು ಅಮ್ಮನಿಂದ ಬಿಡಿಸಿ ಕೌನ್ಸಿಲ್‌ನ ಮಕ್ಕಳ ಮನೆಗೆ ಒಯ್ಯುತ್ತಾರೆ ಎಂದು ಮಿಸ್ಟರ್ ಗ್ಯಾದರ್‌ಕೋಲ್ ನಮ್ಮ ಹೊಸ್ತಿಲಲ್ಲೇ ನಿಂತು ಹೇಳಿ ಹೋಗಿದ್ದರು. ಶಾಲೆಗೆ ಬಾರದ ಮಕ್ಕಳನ್ನು ಹುಡುಕುವುದೇ ಅವರ ಕೆಲಸ.

ನಾನು ಉಗ್ಗುತ್ತಿದ್ದೆ. ತರಗತಿಯಲ್ಲಿ ಎದ್ದು ಓದು ಎಂದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. "ಕೂತ್ಕೊ ಹೇಜಲ್, ನೀನು ಮುಗಿಸೋಷ್ಟರಲ್ಲಿ ಬಸ್ ಹೊರಟ್ಹೋಗುತ್ತೆ," ಎನ್ನುತ್ತಿದ್ದರು ಟೀಚರ್. ಎಲ್ಲರೂ ನಗುತ್ತಿದ್ದರು. ಒಂದು ದಿನ ಅಮ್ಮ ಬಂದು, ರಿಜಿಸ್ಟರಿನಿಂದ ನನ್ನ ಹೆಸರು ತೆಗೆಸಿ, ಗೂಟದಿಂದ ನನ್ನ ಕೋಟನ್ನೂ ತೆಗೆದುಕೊಂಡು ನಡೆದಳು. ಆಮೇಲೆ ಪಾಠವೆಲ್ಲ ಮನೆಯಲ್ಲಿ. ಲೈಬ್ರರಿ ವ್ಯಾನು ತಂದ ಪುಸ್ತಕಗಳನ್ನು ಹೆಬ್ಬಾತುಗಳ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದೆ. ಹೆಬ್ಬಾತುಗಳಿಗೆ ಯಾವ ಬಸ್ಸೂ ಹಿಡಿಯಬೇಕಾಗಿರಲಿಲ್ಲ.

"ಟೈಮ್‌ಟೇಬಲ್ ಎಲ್ಲಿ, ಮಿಸೆಸ್ ಪಿಂಚ್‌ಬೆಕ್?" ಎಂದು ಗ್ಯಾದರ್‌ಕೋಲ್ ಅಂದು ಹೊಸ್ತಿಲಲ್ಲೇ ಅಮ್ಮನನ್ನು ಕೇಳಿದ್ದರು.

"ಹೆಬ್ಬಾತು ಕೂಗ್ದಾಗ ಶುರು, ಹೊಟ್ಟೆ ಕೂಗ್ದಾಗ ಬಂದ್. ಟೀ ಕುಡೀತೀಯಾ, ಬಾತು?"

ನಮ್ಮ ಲಿಂಕನ್‌ಶೈರ್ ಕಡೆ ಯಾರನ್ನು ಕರೆಯುವುದೂ ಹಾಗೇ. ಪ್ರೀತಿ ಬಂದರೂ ಬಾತು, ಸಿಟ್ಟು ಬಂದರೂ ಬಾತು. ಅವರು ಟೀ ಕುಡಿಯಲಿಲ್ಲ.

ಈಗ ಅವರು ಎದ್ದು, ಜೇಬಿನಿಂದ ಸವೆದ ಕಾರ್ಡೊಂದನ್ನು ತೆಗೆದು ಕಾನೂನು ಓದಿದರು. "ಮಗುವಿಗೆ ಅದರ ವಯಸ್ಸಿಗೂ ಶಕ್ತಿಗೂ ತಕ್ಕ ವಿದ್ಯೆ ಕೊಡಿಸುವುದು ಹೆತ್ತವರ ಕರ್ತವ್ಯ, ಕ್ರಮವಾಗಿ ಶಾಲೆಗೆ ಕಳಿಸಿ." ಅಲ್ಲಿಗೆ ನಿಲ್ಲಿಸಿದರು. ಮೋಸವೇನೂ ಅಲ್ಲ. ಊರೂರಿನ ಹೊಸ್ತಿಲಲ್ಲಿ ಓದಿ ಓದಿ ಆ ವಾಕ್ಯ ಅವರ ಬಾಯಲ್ಲಿ ಅಷ್ಟಕ್ಕೇ ಮುಗಿಯುತ್ತಿತ್ತು.

ಮೂವರು ಮ್ಯಾಜಿಸ್ಟ್ರೇಟರಲ್ಲಿ ನಡುವೆ ಕೂತಿದ್ದ ಮಿಸೆಸ್ ಟನ್ನರ್ಡ್ ಕೇಳಿದರು, "ಹುಡುಗಿಗೆ ಓದೋಕೆ ಬರುತ್ತಾ?"

"ಮಾತೇ ಬರಲ್ಲ ಮೇಡಂ, ಇನ್ನು ಓದೋದೆಲ್ಲಿ?" ಎಂದರು ಗ್ಯಾದರ್‌ಕೋಲ್.

ಅಮ್ಮ ಎದ್ದಳು. "ಕೊಟ್ಟು ನೋಡಿ. ಅವರು ಓದಿದ್ರಲ್ಲ, ಅದನ್ನೇ ಕೊಡಿ. ಕಾರ್ಡ್ ಬೇಡ, ಪುಸ್ತಕ ಕೊಡು ಬಾತು."

ಗುಮಾಸ್ತನಿಗೆ ಕೆಮ್ಮು ಬಂತು.

ಮಿಸೆಸ್ ಟನ್ನರ್ಡ್ ಹೇಳಿದರು, "ಕೋರ್ಟಲ್ಲಿ ನಾನು ಬಾತು ಅಲ್ಲ, ಮಿಸೆಸ್ ಪಿಂಚ್‌ಬೆಕ್."

"ತಪ್ಪಾಯ್ತು, ಬಾ... ಮೇಡಂ."

ಕಾನೂನಿನ ದಪ್ಪ ಪುಸ್ತಕ ನನ್ನ ಕೈಗೆ ಬಂತು. ಓದಿದೆ. 'ವಯಸ್ಸಿ'ನಲ್ಲಿ ಸಿಕ್ಕಿಕೊಂಡೆ, 'ಕರ್ತವ್ಯ'ದಲ್ಲಿ ಸಿಕ್ಕಿಕೊಂಡೆ. ಎದುರಿಗಿರುವುದು ಹೆಬ್ಬಾತುಗಳು ಅಂದುಕೊಂಡೆ. "ಕ್ರಮವಾಗಿ ಶಾಲೆಗೆ ಕ-ಕಳಿಸಿ..."

"ಮುಗೀತಲ್ಲ," ಎಂದು ಗ್ಯಾದರ್‌ಕೋಲ್ ಪುಸ್ತಕಕ್ಕೆ ಕೈ ಚಾಚಿದರು.

"ಇ... ಇ... ಇ..." ಎಂದೆ.

"ಕೈ ತೆಗೀರಿ," ಎಂದರು ಮಿಸೆಸ್ ಟನ್ನರ್ಡ್. "ಅವಳಿನ್ನೂ ಮುಗಿಸಿಲ್ಲ."

"ಇಲ್ಲವೇ ಬೇ... ಬೇ..."

ಇಡೀ ಕೋರ್ಟು ನನ್ನ ಕಡೆ ಬಾಗಿತು. ಯಾರೂ ನಗಲಿಲ್ಲ. ನನ್ನ ನಾಲಗೆಗಾಗಿ ಇಷ್ಟು ಜನ ಕಾದದ್ದು ಅದೇ ಮೊದಲು.

"...ಬೇರೆ ರೀತಿಯಲ್ಲಿ."

ಗ್ಯಾದರ್‌ಕೋಲ್ ತಮ್ಮ ಕಾರ್ಡನ್ನು ತಿರುಗಿಸಿ ನೋಡಿದರು. ಹಿಂಬದಿ ಖಾಲಿ.

"ಬೇರೆ ರೀತಿ ಅಂದ್ರೆ ಏನು ಅಂತ ಗೊತ್ತಾ ನಿನಗೆ?" ಎಂದು ಮಿಸೆಸ್ ಟನ್ನರ್ಡ್ ಕೇಳಿದರು.

"ನಮ್ಮ ಮ-ಮನೆ," ಎಂದೆ.

ಮೂವರೂ ತಲೆ ಹತ್ತಿರ ತಂದು ಪಿಸುಗುಟ್ಟಿದರು. ಅಮ್ಮನ ಕೈ ನನ್ನ ಜಡೆಯನ್ನು ಹಿಡಿದುಕೊಂಡೇ ಇತ್ತು.

"ಮನೇಲಿ ಕಲಿಸ್ಬಾರದು ಅಂತ ಕಾನೂನು ಎಲ್ಲೂ ಹೇಳಿಲ್ಲ. ತಕ್ಕ ವಿದ್ಯೆ ಸಿಗ್ತಿದೆಯಾ ಅನ್ನೋದಷ್ಟೇ ಪ್ರಶ್ನೆ. ಅದನ್ನ ಈಗ ಕಿವಿಯಾರೆ ಕೇಳಿದ್ವಿ. ಕೇಸ್ ವಜಾ," ಎಂದರು ಮಿಸೆಸ್ ಟನ್ನರ್ಡ್.

ಅಮ್ಮ ಹಾಕಿದ ಕೇಕೆಗೆ ಕಿಟಕಿಯ ಪಾರಿವಾಳಗಳು ಎದ್ದು ಹಾರಿದವು.

ಹೊರಗೆ ಮೆಟ್ಟಿಲ ಮೇಲೆ ಗ್ಯಾದರ್‌ಕೋಲ್ ಮೆಲ್ಲಗೆ ಕೇಳಿದರು, "ಅದು ಯಾವಾಗ ಸೇರಿಸಿದ್ರು?"

"ಎರಡನೇ ಮಹಾಯುದ್ಧ ಮುಗಿಯೋಕೆ ಮುಂಚಿಂದ್ಲೂ ಅಲ್ಲೇ ಇದೆ, ಬಾತು."

ಅಮ್ಮನಿಗೆ ಮೊದಲೇ ಗೊತ್ತಿತ್ತು! "ನೀನೇ ಹೇಳ್ಬೋದಿತ್ತಲ್ಲ," ಎಂದೆ.

"ನಾನು ಹೇಳಿದ್ರೆ ಜಗಳ ಆಗ್ತಿತ್ತು. ನೀನು ಹೇಳ್ದೆ, ಸಾಕ್ಷಿ ಆಯ್ತು."

ಆಗ ಮಿಸೆಸ್ ಟನ್ನರ್ಡ್ ಕೊಡೆ ಬಿಡಿಸಿಕೊಂಡು ನಮ್ಮನ್ನು ದಾಟಿ ಹೋದರು. ಹೋಗುತ್ತಲೇ ತಿರುಗಿ ನೋಡಿದರು.

"ಚೆನ್ನಾಗಿ ಓದ್ದೆ, ಬಾತು."

ನಮ್ಮ ಬಸ್ಸು ಹೊರಟುಹೋಗಿತ್ತು. ಅಮ್ಮ ಹಾಡುತ್ತ, ನಾನು 'ಇಲ್ಲವೇ ಬೇರೆ ರೀತಿಯಲ್ಲಿ' ಎಂಬ ಆ ಮೂರು ಪದಗಳನ್ನು ಬೇಕಾದಷ್ಟು ಹೊತ್ತು ಉಗ್ಗುತ್ತ, ನಡೆದೇ ಮನೆ ಸೇರಿದೆವು.