ದಟ್ಟು ಮೇಷ್ಟ್ರು

ರುದ್ರಸ್ವಾಮಿ ಮೇಷ್ಟ್ರು ಮಾತಿನ ನಡುವೆ ನಿಂತುಬಿಡುತ್ತಿದ್ದರು. "ನನಗೆ ಅನ್ನಿಸುತ್ತದೆ" ಎಂದು ಆರಂಭಿಸಿ, ತೋರುಬೆರಳನ್ನು ಕರಿಯ ಕೋಟಿನ ಗುಂಡಿಯ ಮೇಲಿಟ್ಟು, "ಏನೆಂದರೆ" ಎಂದು ಉಸಿರು ತಡೆದು, ಹೋಟೆಲಿನ ಮಾಣಿ ಎರಡು ಮೇಜು ಒರೆಸಿ ಬಂದ ಮೇಲೆ, "ಕಾಫಿಗೆ ಸಕ್ಕರೆ ಕಡಿಮೆಯಾಗಿದೆ" ಎನ್ನುವರು. ಅಷ್ಟರಲ್ಲಿ ಕಾಫಿಯೂ ಆರಿರುತ್ತಿತ್ತು. ನಡಿಗೆಯೂ ಅದೇ ಧಾಟಿಯದು. ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ಗಂಭೀರವಾಗಿ ಹೆಜ್ಜೆಯಿಡುತ್ತ ಬಂದವರು ಏನೋ ನೆನಪಾದವರಂತೆ ಥಟ್ಟನೆ ನಿಲ್ಲುವರು. ಹಿಂದೆ ಬರುತ್ತಿದ್ದ ಹೊಗೆಸೊಪ್ಪಿನ ಗಾಡಿಯವನು ಹಗ್ಗ ಜಗ್ಗಿ, "ದಟ್ಟು ಮೇಷ್ಟ್ರು ನಿಂತವ್ರೆ, ತಡ್ಕಳ್ಲಾ" ಎಂದು ಎತ್ತಿಗೇ ಬುದ್ಧಿ ಹೇಳುವನು. ಅವರ ಇಂಗ್ಲಿಷ್ ಪಾಠದ 'ದಟ್' ಎಂಬ ಪದ ಹಿಡಿದು ಶಾಲೆಯ ಹುಡುಗರು ಇಟ್ಟ ಹೆಸರು ಹೀಗೆ ಹುಣಸೂರಿನ ಬೀದಿಗೆಲ್ಲ ಹಬ್ಬಿತ್ತು.

ಮೈಸೂರು ರಾಜ್ಯ ಹಿಗ್ಗಿ ದೊಡ್ಡದಾದ ಐವತ್ತರ ದಶಕದಲ್ಲಿ, ರೈತರ ಮಕ್ಕಳು ಇಂಗ್ಲಿಷನ್ನು ಬೇವಿನ ಕಷಾಯದಂತೆ ಕುಡಿಯುತ್ತಿದ್ದ ಆ ಕಾಲದಲ್ಲಿ, ಅವರ ಪಾಠ ಮಾತ್ರ ಮದುವೆಯ ಮಾತುಕತೆಯಂತಿರುತ್ತಿತ್ತು. ನಮ್ಮ ಭಾಷೆಯಲ್ಲಿ ಸಂಗತಿ ಮೊದಲು, 'ಎಂದು' ಆಮೇಲೆ, ತಿಳಿದವನೋ ಹೇಳಿದವನೋ ಕಟ್ಟಕಡೆಗೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂದೆ ನಡೆದು, ದಟ್ ಅದರ ಬೆನ್ನು ಹಿಡಿದು, ಸಂಗತಿ ಕೊನೆಯಲ್ಲಿ ಬರುತ್ತದೆ. ಈ ತಿರುವುಮುರುವನ್ನು ಅವರು ಸಾಲಾವಳಿ ನೋಡುವ ಜೋಯಿಸರಂತೆ ವಿವರಿಸುವರು. "ಥಿಂಕ್, ನೋ, ಹೋಪ್, ಇವಕ್ಕೆಲ್ಲ ದಟ್ ಕೂಡಿಬರುತ್ತೆ. ಮನೆಮಾತಿನಲ್ಲಿ ಅದನ್ನ ನುಂಗಿಬಿಟ್ಟರೂ ಸಂಸಾರ ಕೆಡೋದಿಲ್ಲ. ಸೇ ಒಂಟಿಯಾಗೇ ದಟ್ ಜೊತೆ ಹೋಗುತ್ತೆ, ಟೆಲ್‌ಗೆ ಮಾತ್ರ ಕೇಳೋರು ಪಕ್ಕದಲ್ಲಿ ಇರಲೇಬೇಕು. ವಾಂಟ್‌ಗೂ ದಟ್‌ಗೂ ಜಾತಕವೇ ಆಗೋದಿಲ್ಲ!"

ಆದರೂ ಹುಡುಗರು ವರ್ಷವರ್ಷವೂ 'ಐ ವಾಂಟ್ ದಟ್ ಯೂ ಕಮ್' ಎಂದೇ ಬರೆಯುವರು. 'ನೀನು ಬರ್ಬೇಕು ಅಂತ ಆಸೆ' ಎಂದು ಪಳಗಿದ ನಾಲಗೆಗೆ ಬೇರೆ ದಾರಿ ತಿಳಿಯದು. ಮೇಷ್ಟ್ರು ದಟ್ಟಿನ ಮೇಲೆ ಕೆಂಪು ಗೆರೆಯೆಳೆದು, "ಬೇಕಾದವರನ್ನ ಬೇಕು ಅನ್ನೋ ಮಾತಿನ ಪಕ್ಕದಲ್ಲೇ ಕೂರಿಸಯ್ಯಾ. ಐ ವಾಂಟ್ ಯೂ ಟು ಕಮ್. ಮಧ್ಯೆ ದಲ್ಲಾಳಿ ಯಾಕೆ?" ಎನ್ನುವರು.

ಊರಿಗೆ ಬುದ್ಧಿ ಹೇಳಿದವನ ಮನೆಯಲ್ಲಿ ದೀಪವಿಲ್ಲ ಎಂಬಂತಾಗಿತ್ತು ಅವರ ಪಾಡು. ಹೆಂಡತಿ ನೀಲಾಂಬಿಕೆ, ತಂದೆಯ ಶುಶ್ರೂಷೆಗೆಂದು ಬೆಟ್ಟದಪುರದ ತವರಿಗೆ ಹೋದವಳು, ತಂದೆ ಶಿವೈಕ್ಯರಾಗಿ ಕರ್ಮಾದಿಗಳು ಮುಗಿದರೂ ಬಂದಿರಲಿಲ್ಲ. ಜಗಳವಲ್ಲ, ಮುನಿಸೂ ಅಲ್ಲ. ಸಾವಿನ ಮನೆಯಲ್ಲಿ ಉಳಿದ ಮಗಳನ್ನು ಗಂಡನೇ ಬಂದು ಬಾಯಿತುಂಬ ಕರೆದು ಕರೆದೊಯ್ಯಬೇಕು, ತಾನಾಗಿ ಹೊಸಿಲು ದಾಟಬಾರದು ಎಂಬುದು ಆ ಕಡೆಯ ರೂಢಿ. ಮೇಷ್ಟ್ರಿಗೂ ಇದು ಗೊತ್ತಿತ್ತು. ಆದರೆ ಹಸಿ ದುಃಖದಲ್ಲಿರುವವಳನ್ನು ಬಾ ಎಂದರೆ ಅಡಿಗೆಗೆ ಆಳು ಬೇಕಾಗಿದೆ ಎಂದುಕೊಂಡಾಳೇನೋ ಎಂಬ ಸಂಕೋಚದಿಂದ ದಿನ ತಳ್ಳಿದರು. ತಳ್ಳಿದಷ್ಟೂ ಮನೆ ಬಿಕೋ ಎಂದಿತು. ಒಗೆದ ಪಂಚೆ ಮಡಿಸುವಾಗ ಇನ್ನೊಂದು ತುದಿ ಹಿಡಿಯುವ ಕೈ ಇಲ್ಲವೆಂದು ಅವರಿಗೆ ಅಳು ಬರುತ್ತಿತ್ತು.

ಹೊಗೆಸೊಪ್ಪು ಕೊಳ್ಳಲು ಬೆಟ್ಟದಪುರಕ್ಕೆ ಹೋಗಿಬರುತ್ತಿದ್ದ ಮುದ್ದಯ್ಯನೇ ಅವರ ದಲ್ಲಾಳಿಯಾದ. "ಅವಳು ಬಂದರೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತೆ ಅಂತ ಹೇಳು" ಎಂದು ಇವರು. ಅವನು ಅಲ್ಲಿ ಹೋಗಿ, "ನೀವು ಬಂದ್ರೆ ಒಳ್ಳೇದು ಅಂತ ಮೇಷ್ಟ್ರಿಗೆ ಅನ್ನಿಸ್ತದಂತೆ ಕಣ್ರವ್ವಾ" ಎಂದು. ನೀಲಾಂಬಿಕೆಯ ಉತ್ತರವನ್ನೂ ಅವನೇ ತಂದ: "ಅಂತೆ ಕಂತೆ ಕೇಳ್ಕಂಡು ಎಂಗೆ ಬರಾದು, ಅವ್ರೇ ಒಂದು ಮಾತು ಅನ್ಲಿ ಅಂದ್ರು. ಓಗ್ಬುಡಿ ಮೇಷ್ಟ್ರೇ, ನೀವೇ ಓಗಿ. ಬಾಯಿದ್ದ ಮಗ ಬದುಕ್ತಾನೆ."

ಭಾನುವಾರ ಬರುತ್ತೇನೆಂದು ಹೇಳಿ ಕಳಿಸಿ ಮೇಷ್ಟ್ರು ಹೊರಟರು. ಪಿರಿಯಾಪಟ್ಟಣದಲ್ಲಿ ಬಸ್ಸಿಳಿದು, ಎತ್ತಿನ ಗಾಡಿಯಲ್ಲಿ ಕುಲುಕುತ್ತ, ಬೆಟ್ಟ ಕಣ್ಣಿಗೆ ಬಿದ್ದಲ್ಲಿಂದ ಒಂದೇ ಅಕ್ಷರವನ್ನು ಮನಸ್ಸಿನಲ್ಲಿ ತಿರುವಿಹಾಕುತ್ತ ಹೋದರು. ನೀಲಾಂಬಿಕೆ ಅಂಗಳದಲ್ಲಿ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಪೋಣಿಸುತ್ತಿದ್ದವಳು ಎದ್ದು ಕಾಲಿಗೆ ನೀರು ಕೊಟ್ಟಳು. ಬಡವಾಗಿದ್ದಳು. ಆ ಮುಖ ಕಂಡು ಮೇಷ್ಟ್ರ ಎದೆ ತುಂಬಿ ಬಂತು; ಎದೆ ತುಂಬಿದಾಗಲೇ ಅವರ ಬೆರಳು ಗುಂಡಿಯ ಮೇಲೆ ಹೋಗುವುದು.

"ನಾನು ಬಂದದ್ದು ಏನೆಂದರೆ…" ಎಂದು ನಿಂತರು. ಆಮೇಲೆ, "ಬಾ ಅಂತ ಹೇಳೋಕೆ ಬಂದೆ" ಎಂದರು.

ಅವಳು ಕಾದಳು. "ಹೇಳಿ" ಎಂದಳು.

"ಹೇಳಿದೆನಲ್ಲ."

"ಹೇಳೋಕೆ ಬಂದೆ ಅಂದ್ರಿ. ಬಾ ಅನ್ನಲಿಲ್ಲ ಕಣ್ರೀ."

ಮೇಷ್ಟ್ರ ತುಟಿ ಅಲುಗಿತು. ಜೀವಮಾನವೆಲ್ಲ ಅಂತ, ಎಂದು, ಏನೆಂದರೆ ಎಂಬ ಊರುಗೋಲು ಹಿಡಿದು ನಡೆದ ಮಾತಿಗೆ ಬರಿಗಾಲಲ್ಲಿ ನಿಲ್ಲಲು ಆಗಲಿಲ್ಲ. ಒಳಗಿನಿಂದ ಅತ್ತೆ ಊಟಕ್ಕೆ ಕರೆದರು. ಉಂಡದ್ದಾಯಿತು, ಎಲೆಯಡಿಕೆಯಾಯಿತು, ಮಳೆಬೆಳೆಯ ಮಾತಾಯಿತು, ಗಾಡಿ ಬಂತು. "ಹುಷಾರಾಗಿ ಹೋಗಿ" ಎಂದಳು ನೀಲಾಂಬಿಕೆ. ಹೋಗಿ ಎನ್ನುವುದಕ್ಕೆ ಅವಳಿಗೆ ಯಾವ ಊರುಗೋಲೂ ಬೇಕಾಗಲಿಲ್ಲ.

ಮುಂದಿನ ವಾರ ಮುದ್ದಯ್ಯ ಬಂದು ಜಗಲಿಯ ಮೇಲೆ ಕೂತ. "ಅವತ್ತು ಬೆಳಗ್ಗೇನೇ ಟ್ರಂಕು ಕಟ್ಟಿ ಬಾಗ್ಲಿಂದೆ ಮಡಗಿದ್ರಂತೆ ಮೇಷ್ಟ್ರೇ. ನೀವು ಒಂಟೋದ್ಮೇಲೆ ಬಿಚ್ಚಿದ್ರಂತೆ" ಎಂದ. ಮೇಷ್ಟ್ರು ಮತ್ತೆ ಹೋಗಬಹುದಿತ್ತು. ಪ್ರತಿ ಶನಿವಾರ ಕೋಟನ್ನು ಇಸ್ತ್ರಿ ಮಾಡಿಸಿ ತೂಗುಹಾಕುತ್ತಲೂ ಇದ್ದರು. ಆದರೆ ಒಮ್ಮೆ ಎದುರಿಗೆ ನಿಂತು ಸೋತ ನಾಚಿಕೆ ಹೋದ ಮೇಲೆ ಹೋಗೋಣವೆಂದುಕೊಂಡರು, ಅದು ಹೋಗಲಿಲ್ಲ. ನೀಲಾಂಬಿಕೆ ತಾಯಿಯ ಹೊಲ ನೋಡಿಕೊಂಡು ಅಲ್ಲಿಯೇ ಉಳಿದಳು. ಇಲ್ಲಿ ತರಗತಿಯಲ್ಲಿ ವಾಂಟ್ ಎಂಬ ಪದದ ಪಾಠ ಬಂದಾಗ ಮೇಷ್ಟ್ರು ಬೋರ್ಡಿನ ಮೇಲೆ ಸರಿಯಾದ ವಾಕ್ಯವನ್ನು ತಾವೇ ಬರೆಯುವರು. ಓದುವ ಕೆಲಸ ಮಾತ್ರ ಹುಡುಗರದು. ನಲವತ್ತು ಗಂಟಲು ಒಟ್ಟಿಗೆ 'ಐ ವಾಂಟ್ ಯೂ ಟು ಕಮ್' ಎಂದು ಕೂಗುವಾಗ, ಅವರು ಗೋಡೆಯ ಕಡೆ ತಿರುಗಿ ಸೀಮೆಸುಣ್ಣದ ಕೈ ಒರೆಸಿಕೊಳ್ಳುವರು.

ಇಂಥವರು ಎಲ್ಲ ಊರಿನಲ್ಲಿಯೂ ಇರುತ್ತಾರೆ. ಅವರನ್ನು ಶುಷ್ಕರೆಂದೂ ಬಿಗುಮಾನದವರೆಂದೂ ಲೋಕ ಸುಲಭವಾಗಿ ತೀರ್ಮಾನಿಸಿಬಿಡುತ್ತದೆ. ನಿಜವಾಗಿ ಅವರ ಒಳಗಿರುವಷ್ಟು ಪ್ರೀತಿ ಬಾಯಿಬಡುಕರ ಒಳಗಿರುವುದಿಲ್ಲ. ಕೊರತೆ ಇಷ್ಟೇ: ತಮ್ಮ ಹಂಬಲವನ್ನು ಕುರಿತು ಅವರು ಎಷ್ಟು ಹೊತ್ತಾದರೂ ಹೇಳಬಲ್ಲರು, ಹಂಬಲವನ್ನೇ ಆಡಲಾರರು. ಅವರ ಪ್ರೀತಿ ಸುಳ್ಳೂ ಅಲ್ಲದ, ತಪ್ಪೂ ಇಲ್ಲದ ಒಂದು ಸುದ್ದಿಯಾಗಿ ಕಾಯುವವರನ್ನು ತಲುಪುತ್ತದೆ. ಸುದ್ದಿಯನ್ನು ನಂಬಬಹುದು, ಅದರ ಹಿಂದೆ ಎದ್ದು ಹೋಗಲು ಆಗುವುದಿಲ್ಲ.